ರಾಜ್ಯಕ್ಕಿಂತ ಮೊದಲು ಬಂದ ಹೆಸರು: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಉತ್ತರದ ವಿದ್ವತ್ಪರಂಪರೆ

ಮೈಸೂರು ರಾಜ್ಯಕ್ಕೆ ‘ಕರ್ನಾಟಕ’ವೆಂದು ನಾಮಕರಣವಾದುದು 1973ರ ನವೆಂಬರ್ 1ರಂದು. ಅದಕ್ಕೆ ಇಪ್ಪತ್ತನಾಲ್ಕು ವರ್ಷಗಳ ಮೊದಲೇ, 1949ರಲ್ಲಿ, ಮುಂಬಯಿಯ ಶಾಸನಸಭೆ ಅಂಗೀಕರಿಸಿದ ಕಾಯಿದೆಯೊಂದು ಆ ಹೆಸರನ್ನು ಒಂದು ವಿಶ್ವವಿದ್ಯಾಲಯಕ್ಕೆ ಕೊಟ್ಟಿತ್ತು. ಕನ್ನಡಿಗರ ಏಕೀಕರಣ ಇನ್ನೂ ಬೇಡಿಕೆಯಾಗಿದ್ದ ಕಾಲ ಅದು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯ ಆಡಳಿತದಲ್ಲಿದ್ದವು. ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದಿಗೆ ಸೇರಿದ್ದವು. ನಕಾಶೆಯಲ್ಲಿ ಎಲ್ಲಿಯೂ ಇಲ್ಲದ ಒಂದು ನಾಡಿನ ಹೆಸರು ಪದವಿ ಪ್ರಮಾಣಪತ್ರದ ಮೇಲೆ ಅಚ್ಚಾಗತೊಡಗಿತು. ಇಂಗ್ಲಿಷಿನಲ್ಲಿ ಬರೆಯುವಾಗ ಇಂದಿಗೂ ಆ ಹೆಸರು ಕೊನೆಯ ಅಕಾರವನ್ನು ಕಳೆದುಕೊಂಡು ‘ಕರ್ನಾಟಕ್’ ಆಗಿಯೇ ಉಳಿದಿದೆ. ಮುಂಬಯಿ ಕಚೇರಿಗಳ ಬರವಣಿಗೆಯ ರೂಢಿ ಬಿಟ್ಟುಹೋದ ಗುರುತು ಅದು. ರಾಜ್ಯ ಬದಲಾದರೂ ವಿಶ್ವವಿದ್ಯಾಲಯ ಅದನ್ನು ತಿದ್ದಿಕೊಳ್ಳಲಿಲ್ಲ.

ಈ ಸಂಸ್ಥೆಯ ಚರಿತ್ರೆಯನ್ನು ಕಟ್ಟಡಗಳ, ಘಟಿಕೋತ್ಸವಗಳ, ಕುಲಪತಿಗಳ ಪಟ್ಟಿಯಾಗಿ ಬರೆಯುವುದು ಸುಲಭ. ಸುವರ್ಣ ಸಂಚಿಕೆಗಳು ಮಾಡುವುದು ಅದನ್ನೇ. ಸಾಹಿತ್ಯದ ಅಧ್ಯಯನಕಾರರಿಗೆ ಬೇಕಾದ ಪ್ರಶ್ನೆ ಬೇರೆಯದು: ಪಂಪನ ತಾಯಿಯ ತವರು ಅಣ್ಣಿಗೇರಿ, ರನ್ನನ ಮುದುವೊಳಲು, ನಯಸೇನನ ಮುಳುಗುಂದ, ಅತ್ತಿಮಬ್ಬೆಯ ಲಕ್ಕುಂಡಿಗಳಿರುವ ಈ ನೆಲದಲ್ಲಿ ಒಂದು ವಿಶ್ವವಿದ್ಯಾಲಯ ಇಲ್ಲದಿದ್ದಾಗ ಏನು ನಡೆಯುತ್ತಿತ್ತು? ಇದ್ದುದರಿಂದ ಏನಾಯಿತು?

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ಮುಂಬಯಿಗೆ ಹೋಗಬೇಕು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಬಹುಕಾಲ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಪಾಠ ಕಾಲೇಜುಗಳಲ್ಲಿ, ಪರೀಕ್ಷೆ ಮುಂಬಯಿಯಲ್ಲಿ. ಧಾರವಾಡದ ಹುಡುಗನೊಬ್ಬ ಬಿ.ಎ. ಓದಬೇಕಾದರೆ ಪುಣೆಯ ಡೆಕ್ಕನ್ ಕಾಲೇಜಿಗೋ ಫರ್ಗ್ಯುಸನ್ ಕಾಲೇಜಿಗೋ ಹೋಗಬೇಕಾಗಿತ್ತು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರ ಜುಲೈ 20ರಂದು ಹುಟ್ಟಿದರೂ ಧಾರವಾಡಕ್ಕೆ ಕಾಲೇಜು ದೊರೆತುದು 1917ರಲ್ಲಿ. ರೊದ್ದ ಶ್ರೀನಿವಾಸರಾಯರಂಥವರು ಊರೂರು ತಿರುಗಿ ನಿಧಿ ಕೂಡಿಸಿದ ಮೇಲೆಯೇ ಕರ್ನಾಟಕ ಕಾಲೇಜು ಬಾಗಿಲು ತೆರೆಯಿತು. ಬೆಳಗಾವಿಯ ಲಿಂಗರಾಜ ಕಾಲೇಜು 1933ರದು. ಈ ಕಾಲೇಜುಗಳು ಬಂದ ಮೇಲೂ ಪಠ್ಯವನ್ನು ಗೊತ್ತುಮಾಡುವ, ಪ್ರಶ್ನೆಪತ್ರಿಕೆ ತಯಾರಿಸುವ, ಸಂಶೋಧನೆಗೆ ಪದವಿ ಕೊಡುವ ಅಧಿಕಾರ ಮುಂಬಯಿಯಲ್ಲೇ ಉಳಿದಿತ್ತು. ಆ ವಿಶ್ವವಿದ್ಯಾಲಯದ ಉನ್ನತ ಪರೀಕ್ಷೆಗಳಲ್ಲಿ ದೇಶಭಾಷೆಗಳಿಗೆ ಜಾಗ ದೊರಕಿಸಲು ನ್ಯಾಯಮೂರ್ತಿ ರಾನಡೆಯವರಂಥವರೇ ಬಹಳ ಹೆಣಗಬೇಕಾಯಿತೆಂದರೆ, ನಾಲ್ಕೇ ಜಿಲ್ಲೆಗಳ ಭಾಷೆಯಾಗಿದ್ದ ಕನ್ನಡದ ಅವಸ್ಥೆಯನ್ನು ಊಹಿಸಬಹುದು.

ಹಾಗೆಂದು ಮುಂಬಯಿ ಪರಂಪರೆ ಕನ್ನಡಕ್ಕೆ ಏನನ್ನೂ ಕೊಡಲಿಲ್ಲವೆಂದಲ್ಲ. ಜೆ.ಎಫ್. ಫ್ಲೀಟ್ ಈ ಜಿಲ್ಲೆಗಳ ಶಾಸನಗಳನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು, ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಕಟ್ಟಿದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ.ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಸಂಪಾದಿಸಿದರು, ಆದರೆ ಅದು ಹೊರಬಂದುದು ಬಿ.ಎಲ್. ರೈಸರ ಮೈಸೂರಿನ ಗ್ರಂಥಮಾಲೆಯಲ್ಲಿ. ಜೈನಶಾಸ್ತ್ರದ ದೃಷ್ಟಿಯಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಅರ್ಧಮಾಗಧಿಯನ್ನು ಮುಂಬಯಿ ವಿಶ್ವವಿದ್ಯಾಲಯ ಪದವಿ ವ್ಯಾಸಂಗದ ವಿಷಯವಾಗಿ ಒಪ್ಪಿಕೊಂಡಿತ್ತು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಆ ಬಾಗಿಲಿನಿಂದಲೇ ಪ್ರಾಕೃತಕ್ಕೆ ಪ್ರವೇಶಿಸಿದವರು. 1930ರಿಂದ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿ ಅವರು ‘ಪ್ರವಚನಸಾರ’, ‘ಪರಮಾತ್ಮಪ್ರಕಾಶ’ಗಳನ್ನು ಸಂಪಾದಿಸಿದರು.

1939 ಎಂಬ ಒಂದೇ ವರ್ಷವನ್ನು ತೆಗೆದುಕೊಂಡರೆ ಅಂದಿನ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ. ಆ ವರ್ಷ ಉಪಾಧ್ಯೆಯವರಿಗೆ ಮುಂಬಯಿ ವಿಶ್ವವಿದ್ಯಾಲಯದ ಡಿ.ಲಿಟ್. ಬಂದಿತು. ಅದೇ ವರ್ಷ ಅದೇ ರಾಜಾರಾಮ ಕಾಲೇಜಿನ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕ ಹಾಗೂ ಕೊಲ್ಲಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು ಹೊರತಂದರು. ಅದೇ ವರ್ಷ ಮುಂಬಯಿ ಸರ್ಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಮೂರೂ ಕನ್ನಡ ನಾಡಿನ ಪ್ರಾಚೀನ ವಿದ್ಯೆಗೆ ಸಂಬಂಧಿಸಿದವು. ಮೂರಕ್ಕೂ ಒಂದೇ ನೆಲೆಯೆಂಬುದಿಲ್ಲ. ಪದವಿ ಮುಂಬಯಿಯದು, ಪುಸ್ತಕ ಕೊಲ್ಲಾಪುರದ್ದು, ಸಂಸ್ಥೆ ಸರ್ಕಾರಿ ಇಲಾಖೆಯದು. ಒಬ್ಬ ವಿದ್ವಾಂಸ ತೀರಿಕೊಂಡರೆ ಅವನ ಟಿಪ್ಪಣಿಗಳನ್ನು ಮುಂದುವರಿಸಬೇಕಾದ ಶಿಷ್ಯ ಯಾರೆಂಬುದು ಆಕಸ್ಮಿಕಕ್ಕೆ ಬಿಟ್ಟ ವಿಷಯವಾಗಿತ್ತು. ವಿಶ್ವವಿದ್ಯಾಲಯವೊಂದು ವಿದ್ಯೆಗೆ ಮಾಡುವ ಮುಖ್ಯ ಉಪಕಾರ ಪ್ರತಿಭೆಯನ್ನು ಸೃಷ್ಟಿಸುವುದಲ್ಲ. ಆ ಆಕಸ್ಮಿಕವನ್ನು ಕಡಿಮೆ ಮಾಡುವುದು.

ಸ್ವಾತಂತ್ರ್ಯದ ಬೆನ್ನಲ್ಲೇ ಮುಂಬಯಿ ಸರ್ಕಾರ ತನ್ನ ಹಳೆಯ ವಿಶ್ವವಿದ್ಯಾಲಯದ ಹೊರೆಯನ್ನು ಪ್ರಾಂತವಾರು ಹಂಚತೊಡಗಿತು. ಪುಣೆ, ಬಡೋದೆ, ಗುಜರಾತ, ಕರ್ನಾಟಕ ಈ ನಾಲ್ಕೂ ವಿಶ್ವವಿದ್ಯಾಲಯಗಳು 1949ರಲ್ಲೇ ಕಾರ್ಯರೂಪಕ್ಕೆ ಬಂದವು. ಆಡಳಿತದ ಕಣ್ಣಿನಲ್ಲಿ ಇದು ಕೆಲಸದ ವಿಕೇಂದ್ರೀಕರಣ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವನ್ನು ಓದಿ ಬೆಳೆದ ಧಾರವಾಡದ ತಲೆಮಾರಿಗೆ ಮಾತ್ರ ಅದು ಏಕೀಕರಣದ ಮೊದಲ ಕಂತಾಗಿ ಕಂಡಿತು. ಆಶ್ಚರ್ಯದ ಸಂಗತಿಯೆಂದರೆ ಈ ವಿಶ್ವವಿದ್ಯಾಲಯದ ಕಚೇರಿ 1949ರ ಅಕ್ಟೋಬರಿನಲ್ಲಿ ಕೆಲಸ ಆರಂಭಿಸಿದುದು ಮುಂಬಯಿಯಲ್ಲಿ. ವಿಧ್ಯುಕ್ತ ಉದ್ಘಾಟನೆಯಾದುದು 1950ರ ಮಾರ್ಚ್‌ನಲ್ಲಿ. ಧಾರವಾಡಕ್ಕೆ ಅದು ಬಂದು ನೆಲೆಸಿದುದು ಆಮೇಲೆ.

ನೆಲೆಸಿದ ಮೇಲೂ ಮೊದಲ ಕೆಲವು ವರ್ಷ ಅದು ಮುಂಬಯಿಯ ಚಿಕ್ಕ ಪ್ರತಿಯಾಗಿಯೇ ಇತ್ತು. ಅದನ್ನು ಬೋಧಿಸುವ, ಸಂಶೋಧಿಸುವ ಸಂಸ್ಥೆಯಾಗಿ ಪರಿವರ್ತಿಸಿದವರು ದಾದಾಸಾಹೇಬ ಚಿಂತಾಮಣಿ ಪಾವಟೆಯವರು. ಗೋಕಾಕ ತಾಲ್ಲೂಕಿನವರಾದ ಅವರು ಕೇಂಬ್ರಿಜಿನ ಗಣಿತ ರ್‍ಯಾಂಗ್ಲರ್. ಮುಂಬಯಿ ಸರ್ಕಾರದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ಕಡತದ ದಾರಿಗಳನ್ನೆಲ್ಲ ಬಲ್ಲವರು. 1954ರಿಂದ 1967ರವರೆಗೆ ಹದಿಮೂರು ವರ್ಷ ಅವರು ಉಪಕುಲಪತಿಗಳಾಗಿದ್ದರು (ಇಂದು ಕುಲಪತಿ ಎನ್ನುವ ಸ್ಥಾನಕ್ಕೆ ಅಂದಿನ ಹೆಸರು ಅದು). ಇಂದಿನ ನಾಲ್ಕು ವರ್ಷಗಳ ಅವಧಿಯಲ್ಲಿ ಯಾವ ಆಡಳಿತಗಾರನಿಗೂ ದೊರೆಯದ ಕಾಲಾವಕಾಶ ಅದು. ಧಾರವಾಡದ ಜನ ‘ಛೋಟಾ ಮಹಾಬಳೇಶ್ವರ’ವೆನ್ನುತ್ತಿದ್ದ ಗುಡ್ಡದ ಮೇಲೆ ವಿಶ್ವವಿದ್ಯಾಲಯ ತಲೆಯೆತ್ತಿತು, ಆ ಆವರಣಕ್ಕೆ ಈಗ ಪಾವಟೆನಗರವೆಂದೇ ಹೆಸರು. ಅವರು 1964ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕ ಶಿಕ್ಷಣಾಡಳಿತದ ಚರಿತ್ರೆ ಬರೆಯುವವರಿಗೆ ಇಂದಿಗೂ ಮುಖ್ಯ ಆಕರ. ಮುಂದೆ ಅವರು ಪಂಜಾಬಿನ ರಾಜ್ಯಪಾಲರಾದುದು ಬೇರೆಯ ಕಥೆ.

ಪಾವಟೆಯವರ ಅವಧಿಯ ನಡುವೆ 1956ರ ರಾಜ್ಯ ಪುನರ್ವಿಂಗಡಣೆ ಬಂದಿತು. ಮುಂಬಯಿಯ ಪರೀಕ್ಷಾಪದ್ಧತಿಗೆ ಒಗ್ಗಿದ ನಾಲ್ಕು ಜಿಲ್ಲೆಗಳ ಜೊತೆಗೆ, ಉರ್ದು ಮಾಧ್ಯಮಕ್ಕೆ ಹೆಸರಾಗಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರಳಿನಲ್ಲಿದ್ದ ಹೈದರಾಬಾದ್ ಕರ್ನಾಟಕವೂ ಧಾರವಾಡದ ವ್ಯಾಪ್ತಿಗೆ ಬಂದಿತು. ಬೀದರದಿಂದ ಕಾರವಾರದವರೆಗೆ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ. ಎರಡು ಆಡಳಿತಗಳಲ್ಲಿ, ಎರಡು ವ್ಯವಹಾರಭಾಷೆಗಳ ನಡುವೆ ಬೆಳೆದ ಕನ್ನಡ ಅಧ್ಯಾಪಕರು ಮೊದಲ ಬಾರಿಗೆ ಒಂದೇ ಅಧ್ಯಯನ ಮಂಡಳಿಯ ಮೇಜಿನ ಸುತ್ತ ಕುಳಿತರು. ಏಕೀಕರಣದ ಚರಿತ್ರೆಯಲ್ಲಿ ಈ ಮೇಜಿಗೆ ದೊರೆಯಬೇಕಾದ ಸ್ಥಾನ ದೊರೆತಿಲ್ಲ.

ಸಾಹಿತ್ಯ ಹಾಗೂ ಇತಿಹಾಸದ ದೃಷ್ಟಿಯಿಂದ ಈ ಕಾಲದ ಅತ್ಯಂತ ಫಲವತ್ತಾದ ಘಟನೆ ಕನ್ನಡ ಸಂಶೋಧನ ಸಂಸ್ಥೆ ವಿಶ್ವವಿದ್ಯಾಲಯದ ಅಂಗವಾದುದು. ಸರ್ಕಾರಿ ಕಾಲದಲ್ಲಿ ಆರ್.ಎಸ್. ಪಂಚಮುಖಿಯವರು ಅದರ ನಿರ್ದೇಶಕರಾಗಿ ಭದ್ರವಾದ ಅಡಿಪಾಯ ಹಾಕಿದ್ದರು. ಸಂಸ್ಥೆಯ ಶಾಸನ ಮಾಲೆಯ ಮೊದಲ ಸಂಪುಟ 1941ರಲ್ಲಿ ಹೊರಬಂದಿತ್ತು. ವಿಶ್ವವಿದ್ಯಾಲಯದ ಕಾಲದಲ್ಲಿ ಆ ಮಾಲೆಯನ್ನು ಎ.ಎಂ. ಅಣ್ಣಿಗೇರಿ, ಬಿ.ಆರ್. ಗೋಪಾಲರು ಮುಂದುವರಿಸಿದರು. ಪಿ.ಬಿ. ದೇಸಾಯಿಯವರು ನಿರ್ದೇಶಕರಾಗಿಯೂ ಪ್ರಾಚೀನ ಭಾರತೀಯ ಇತಿಹಾಸದ ಪ್ರಾಧ್ಯಾಪಕರಾಗಿಯೂ ಬಂದರು. ಈ ಎರಡು ಹುದ್ದೆಗಳು ಒಬ್ಬರಲ್ಲೇ ಕೂಡಿದುದರ ಅರ್ಥವನ್ನು ವಿವರಿಸಬೇಕು.

ಶಾಸನವೊಂದು ಕಲ್ಲಿನಿಂದ ಪುಸ್ತಕಕ್ಕೆ ಬರುವ ದಾರಿ ದೀರ್ಘವಾದದ್ದು. ಕಲ್ಲು ಬಸದಿಯ ಗೋಡೆಯಲ್ಲೋ ಹೊಲದ ಬದುವಿನಲ್ಲೋ ದನದ ಕೊಟ್ಟಿಗೆಯಲ್ಲೋ ಇರುತ್ತದೆ. ಅದರ ಮೇಲಿನ ಸುಣ್ಣ, ಎಣ್ಣೆ, ಪಾಚಿಗಳನ್ನು ತೆಗೆಯಬೇಕು. ನೆನೆಸಿದ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಬ್ರಷ್ಷಿನಿಂದ ಬಡಿದು, ಅಕ್ಷರದ ಹಳ್ಳಗಳಿಗೆ ಕಾಗದ ಇಳಿಯುವಂತೆ ಮಾಡಬೇಕು. ಬಳಿಕ ಮಸಿಯ ಗುಬುಟಿನಿಂದ ಹದವಾಗಿ ಒತ್ತಿದರೆ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ. ಬಿಸಿಲು ಹೆಚ್ಚಾದರೆ ಒಣಗಿ ಏಳುತ್ತದೆ. ಹೀಗೆ ತಂದ ಪಡಿಯಚ್ಚನ್ನು ಕಚೇರಿಯಲ್ಲಿ ಓದಬೇಕು, ಸವೆದ ಅಕ್ಷರಗಳನ್ನು ಊಹಿಸಬೇಕು, ತಿಥಿ-ವಾರಗಳನ್ನು ಲೆಕ್ಕ ಹಾಕಿ ಹೊಂದಿಸಬೇಕು. ಒಬ್ಬನಿಂದಾಗುವ ಕೆಲಸವಲ್ಲ ಇದು. ತರಬೇತಿ ಪಡೆದ ಸಹಾಯಕರು, ಪ್ರವಾಸಭತ್ಯ, ಗ್ರಂಥಾಲಯ, ಮುದ್ರಣಕ್ಕೆ ಹಣ ಎಲ್ಲವೂ ವರ್ಷದಿಂದ ವರ್ಷಕ್ಕೆ ತಪ್ಪದೆ ಬರಬೇಕು. ಸರ್ಕಾರಿ ಶಾಸನ ಇಲಾಖೆಗೆ ಇವೆಲ್ಲ ಇದ್ದವು. ಅಲ್ಲಿ ಇಲ್ಲದಿದ್ದುದು ವಿದ್ಯಾರ್ಥಿಗಳು. ಧಾರವಾಡದಲ್ಲಿ ಪಡಿಯಚ್ಚು ಓದುವವರೇ ಪಾಠವನ್ನೂ ಹೇಳಿದರು. ಹಾಗಾಗಿ ಶಾಸನಶಾಸ್ತ್ರವು ಇಲಾಖೆಯ ಗುಟ್ಟಾಗಿ ಉಳಿಯದೆ ತರಗತಿಯ ವಿಷಯವಾಯಿತು. ಕನ್ನಡ ಎಂ.ಎ. ವಿದ್ಯಾರ್ಥಿಯು ಕಾವ್ಯವನ್ನು ಓದಿದ ಕಣ್ಣಿನಲ್ಲೇ ಕಲ್ಲನ್ನೂ ಓದುವುದನ್ನು ಕಲಿತನು.

ದೇಸಾಯಿಯವರ ವ್ಯಕ್ತಿತ್ವವೇ ಇದಕ್ಕೆ ಒಪ್ಪುವಂಥದು. ಶಾಸನ ಇಲಾಖೆಯಲ್ಲಿ ಪಳಗಿದ ಅವರ ‘ಜೈನಿಸಂ ಇನ್ ಸೌತ್ ಇಂಡಿಯಾ ಅಂಡ್ ಸಮ್ ಜೈನ ಎಪಿಗ್ರಾಫ್ಸ್’ 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಬಂದಿತು. ಆ ಮಾಲೆಯ ಪ್ರಧಾನ ಸಂಪಾದಕರು ಉಪಾಧ್ಯೆ ಮತ್ತು ಹೀರಾಲಾಲ ಜೈನರು. ದಕ್ಷಿಣದ ಜೈನಧರ್ಮದ ಚರಿತ್ರೆಯನ್ನು ಶ್ರವಣಬೆಳಗೊಳವನ್ನೇ ಕೇಂದ್ರವಾಗಿಟ್ಟು ನೋಡುವ ಅಭ್ಯಾಸವಿದ್ದಾಗ, ಹೈದರಾಬಾದ್ ಕರ್ನಾಟಕದ ಕನ್ನಡ ಶಾಸನಗಳನ್ನು ಪಾಠಸಹಿತ ಮುಂದಿಟ್ಟು, ಕೊಪ್ಪಳದಂಥ ಕ್ಷೇತ್ರದ ಪ್ರಾಚೀನತೆಯನ್ನು ಎತ್ತಿತೋರಿಸಿದ ಗ್ರಂಥವದು. ಅವರು ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ ಹದಿನೈದನೆಯ ಸಂಪುಟವೂ ಮುಂಬಯಿ ಕರ್ನಾಟಕದ ಶಾಸನಗಳದ್ದೇ. ಅವರ ಹೆಸರಿನಲ್ಲಿ ಸಂಶೋಧನ ಸಂಸ್ಥೆ 1970ರಲ್ಲಿ ಪ್ರಕಟಿಸಿದ ಕರ್ನಾಟಕ ಇತಿಹಾಸ ಬಹುಕಾಲ ಸಂಶೋಧಕರ ಕೈಪಿಡಿಯಾಗಿತ್ತು.

ಕಾವ್ಯ ಮತ್ತು ಶಾಸನ ಒಂದೇ ಆವರಣದಲ್ಲಿರುವುದರ ಬೆಲೆಯೇನೆಂಬುದಕ್ಕೆ ಅತ್ತಿಮಬ್ಬೆಯ ನಿದರ್ಶನವೊಂದು ಸಾಕು. ರನ್ನನ ‘ಅಜಿತಪುರಾಣ’ 993ರ ಕೃತಿ. ತನ್ನ ಆಶ್ರಯದಾತೆಯನ್ನು ಕವಿ ಅದರಲ್ಲಿ ಕೊಂಡಾಡುತ್ತಾನೆ. ಕಾವ್ಯವನ್ನಷ್ಟೇ ಓದಿದವರು ಅದನ್ನು ಆಶ್ರಿತನ ಉತ್ಪ್ರೇಕ್ಷೆಯೆಂದು ತಳ್ಳಿಹಾಕಬಹುದು. ಲಕ್ಕುಂಡಿಯ ಬಸದಿಯ 1007ರ ಶಾಸನ ಅದೇ ಮಹಿಳೆಯನ್ನು, ಅವಳ ದಾನವನ್ನು, ರಾಜಸಮ್ಮತಿಯನ್ನು ವ್ಯವಹಾರದ ದಾಖಲೆಯಾಗಿ ಹೇಳುತ್ತದೆ. ಎರಡನ್ನೂ ಎದುರುಬದುರಾಗಿಟ್ಟು ಓದಿದಾಗ ಮಾತ್ರ ಕಾವ್ಯದಲ್ಲಿ ಎಷ್ಟು ಅಲಂಕಾರ, ಎಷ್ಟು ಸಂಗತಿ ಎಂಬುದನ್ನು ಬೇರ್ಪಡಿಸಬಹುದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳೆಂದು ಪ್ರಸಿದ್ಧಳಾದ ಆಕೆಯ ಊರು ಧಾರವಾಡದ ನೆರೆಯಲ್ಲೇ ಇದೆ, ರನ್ನನ ಊರೂ ಇದೇ ಸೀಮೆಯಲ್ಲಿದೆ. ಪ್ರಾದೇಶಿಕ ವಿಶ್ವವಿದ್ಯಾಲಯವೆಂದರೆ ಸಂಕುಚಿತ ವಿಶ್ವವಿದ್ಯಾಲಯವೆಂದು ಕೆಲವರು ಭಾವಿಸುತ್ತಾರೆ. ಇಂಥ ಓದಿಗೆ ಪ್ರದೇಶದ ಸಾಮೀಪ್ಯವೇ ಸಾಧನ.

ಇನ್ನೊಂದು ನಿದರ್ಶನ ‘ವಡ್ಡಾರಾಧನೆ’ಯದು. ಹಳಗನ್ನಡ ಗದ್ಯದ ಈ ಹತ್ತೊಂಬತ್ತು ಕಥೆಗಳನ್ನು ಡಿ.ಎಲ್. ನರಸಿಂಹಾಚಾರ್ಯರು ಮೈಸೂರಿನಲ್ಲಿ ಸಂಪಾದಿಸಿ ಪ್ರಕಟಿಸಿದುದು 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ವರ್ಷದಲ್ಲೇ. ಪ್ರತಿ ಕಥೆಯ ಆರಂಭದಲ್ಲಿ ಒಂದು ಪ್ರಾಕೃತ ಗಾಹೆ ಇದೆ. ಅದು ಶಿವಾರ್ಯನ ‘ಭಗವತೀ ಆರಾಧನಾ’ ಗ್ರಂಥದ ಪರಂಪರೆಯದು. ಆ ಆರಾಧನಾ ಕಥಾಪರಂಪರೆ ಹೇಗೆ ಸಂಸ್ಕೃತ, ಪ್ರಾಕೃತ, ಕನ್ನಡಗಳಲ್ಲಿ ಕವಲೊಡೆಯಿತೆಂಬುದನ್ನು 1943ರಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’ದ ಪ್ರಸ್ತಾವನೆಯಲ್ಲಿ ಉಪಾಧ್ಯೆಯವರು ವಿಸ್ತಾರವಾಗಿ ಚರ್ಚಿಸಿದ್ದರು. ಹೀಗೆ ಒಂದು ಕನ್ನಡ ಕೃತಿಯ ಅರ್ಧ ಮೈಸೂರಿನಲ್ಲಿ, ಅರ್ಧ ಕೊಲ್ಲಾಪುರದಲ್ಲಿ ಬೆಳಕು ಕಂಡಿತು. ಎರಡನ್ನೂ ಕೂಡಿಸಿ ಓದಬೇಕಾದವನಿಗೆ ಹಳಗನ್ನಡದಷ್ಟೇ ಪ್ರಾಕೃತವೂ ಬರಬೇಕು. ಧಾರವಾಡದಲ್ಲಿ ಪ್ರಾಕೃತ ಹಾಗೂ ಜೈನಶಾಸ್ತ್ರವನ್ನು ಬೋಧಿಸಿದ ಬಿ.ಕೆ. ಖಡಬಡಿಯವರು ಆ ಕೆಲಸ ಮಾಡಿದರು. ವಡ್ಡಾರಾಧನೆಯನ್ನು ಕುರಿತ ಅವರ ಇಂಗ್ಲಿಷ್ ಅಧ್ಯಯನಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯ 1979ರಲ್ಲಿ ಪ್ರಕಟಿಸಿತು. ಕನ್ನಡ ಬಾರದ ಪ್ರಾಕೃತ ಪಂಡಿತರಿಗೆ ವಡ್ಡಾರಾಧನೆಯ ಪರಿಚಯವಾಗಲು, ಪ್ರಾಕೃತ ಬಾರದ ಕನ್ನಡ ಅಧ್ಯಾಪಕರಿಗೆ ಅದರ ಬೇರು ಕಾಣಲು ಆ ಗ್ರಂಥ ಸೇತುವೆಯಾಯಿತು. 1943, 1949, 1979: ಮೂವರು ವಿದ್ವಾಂಸರು, ಮೂರು ಊರುಗಳು, ಮೂವತ್ತಾರು ವರ್ಷಗಳು. ಒಂದು ಕೃತಿಯ ಅರ್ಥ ಸ್ಪಷ್ಟವಾಗಲು ಇಷ್ಟು ಕಾಲ ಬೇಕಾಗುತ್ತದೆ.

ಉಪಾಧ್ಯೆಯವರ ಬದುಕು ಇಲ್ಲಿ ಒಂದು ವಿಷಾದವನ್ನೂ ಸೂಚಿಸುತ್ತದೆ. ಮುಂಬಯಿ ಕರ್ನಾಟಕದಲ್ಲಿ ಹುಟ್ಟಿದ ಅವರು ಸೇವಾವಧಿಯನ್ನೆಲ್ಲ ಕಳೆದುದು ಕೊಲ್ಲಾಪುರದಲ್ಲಿ. ರಾಜ್ಯಗಳ ಗಡಿ ಗಟ್ಟಿಯಾದಂತೆ ಆ ಊರು ಮಹಾರಾಷ್ಟ್ರದ ಪಾಲಾಯಿತು. 1962ರಲ್ಲಿ ಅಲ್ಲಿ ಶಿವಾಜಿ ವಿಶ್ವವಿದ್ಯಾಲಯವೂ ಬಂದಿತು. ಕೊನೆಗೆ ಅವರನ್ನು ಜೈನಶಾಸ್ತ್ರ ಹಾಗೂ ಪ್ರಾಕೃತಗಳ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡುದು ಮೈಸೂರು ವಿಶ್ವವಿದ್ಯಾಲಯ. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಮಾಡಿ ಕನ್ನಡಿಗರು ಅವರನ್ನು ಗೌರವಿಸಿದರು, ನಿಜ. ಆದರೆ ಅವರ ತಾಯ್ನೆಲದ ವಿಶ್ವವಿದ್ಯಾಲಯದಲ್ಲಿ ಪ್ರಾಕೃತದ ಪೀಠವೊಂದು ಆರಂಭದ ದಶಕದಲ್ಲೇ ನೆಲೆಗೊಂಡಿದ್ದರೆ ಉತ್ತರ ಕರ್ನಾಟಕದ ಜೈನ ಹಸ್ತಪ್ರತಿಗಳ ಚರಿತ್ರೆಯೇ ಬೇರೆಯಾಗುತ್ತಿತ್ತೆಂದು ಹೇಳಲು ಅವಕಾಶವಿದೆ.

ಸಂಸ್ಕೃತ ವಿಭಾಗದ ಕೆ. ಕೃಷ್ಣಮೂರ್ತಿಯವರ ಕೆಲಸ ಪ್ರಾದೇಶಿಕತೆಯ ಆರೋಪಕ್ಕೆ ತಕ್ಕ ಉತ್ತರ. ಆನಂದವರ್ಧನನ ‘ಧ್ವನ್ಯಾಲೋಕ’ ಕಾಶ್ಮೀರದ ಗ್ರಂಥ. ಅದರ ವಿಮರ್ಶಾತ್ಮಕ ಸಂಪಾದನೆ, ಇಂಗ್ಲಿಷ್ ಅನುವಾದಗಳೊಡನೆ ಧಾರವಾಡದಿಂದ 1974ರಲ್ಲಿ ಹೊರಬಂದಿತು. 1977ರಲ್ಲಿ ಕುಂತಕನ ‘ವಕ್ರೋಕ್ತಿಜೀವಿತ’ ಬಂದಿತು. ಈ ಎರಡನೆಯ ಗ್ರಂಥ ಉಳಿದುಬಂದುದು ಬೆರಳೆಣಿಕೆಯ ಹಸ್ತಪ್ರತಿಗಳಲ್ಲಿ. ಅವುಗಳಲ್ಲೊಂದು ಜೈಸಲಮೇರದ ಜೈನ ಭಂಡಾರದ್ದು. ಕಾಶ್ಮೀರದ ಶೈವ ಪರಿಸರದ ಆಲಂಕಾರಿಕನೊಬ್ಬನ ಕೃತಿಯನ್ನು ರಾಜಸ್ಥಾನದ ಜೈನರು ಕಾಪಾಡಿದರು, ಧಾರವಾಡದ ವಿಶ್ವವಿದ್ಯಾಲಯ ಅಚ್ಚು ಮಾಡಿತು. ಭಾರತೀಯ ಕಾವ್ಯಮೀಮಾಂಸೆಯ ವಿದ್ಯಾರ್ಥಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಕುಂತಕನನ್ನು ಓದಲು ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆಯಿರುವ ಪುಸ್ತಕವನ್ನು ಹುಡುಕಿಕೊಂಡು ಬರಬೇಕಾಯಿತು.

ಕನ್ನಡ ವಿಭಾಗದ ಕಥೆ ಹೆಚ್ಚು ಪರಿಚಿತ. ಆರ್.ಸಿ. ಹಿರೇಮಠರು ಅದನ್ನು ಕಟ್ಟಿ ಬೆಳೆಸಿದರು. ಮುಂದೆ ಅವರೇ ಕುಲಪತಿಗಳೂ ಆದರು. ಅವರ ‘ದಿ ಸ್ಟ್ರಕ್ಚರ್ ಆಫ್ ಕನ್ನಡ’ 1961ರಲ್ಲಿ ಪ್ರಕಟವಾಗಿ ಭಾಷಾವಿಜ್ಞಾನದ ಹೊಸ ಪರಿಭಾಷೆಯನ್ನು ಧಾರವಾಡಕ್ಕೆ ತಂದಿತು. ವಚನಗಳ ಸಂಪಾದನೆಗೆ, ಹಸ್ತಪ್ರತಿಗಳ ಸಂಗ್ರಹಕ್ಕೆ ವಿಭಾಗ ವಿಶೇಷ ಗಮನ ಕೊಟ್ಟಿತು. ಇಂದು ಆ ವಿಭಾಗ ಅವರ ಹೆಸರಿನ ಕನ್ನಡ ಅಧ್ಯಯನ ಪೀಠವಾಗಿದೆ. ಜಾನಪದವೂ ಇಲ್ಲಿ ಬೇಗನೆ ಗಂಭೀರ ಅಧ್ಯಯನದ ವಿಷಯವಾಯಿತು. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಪಿಎಚ್.ಡಿ. ಪಡೆದುದು ಇಲ್ಲಿಯೇ.

ಈ ಪರಂಪರೆಯ ಗುಣಗಳೆಲ್ಲ ಒಬ್ಬರಲ್ಲೇ ಕೂಡಿದುದಾದರೆ ಅದು ಎಂ.ಎಂ. ಕಲಬುರ್ಗಿಯವರಲ್ಲಿ. ಅವರ ಡಾಕ್ಟರೇಟ್ ಅಧ್ಯಯನದ ವಸ್ತು ಕವಿರಾಜಮಾರ್ಗದ ಪರಿಸರ. ಮುಂದಿನ ಆಸಕ್ತಿ ವಚನ, ಶಾಸನ, ಹಸ್ತಪ್ರತಿ, ಊರುಗಳ ಹೆಸರು. ಧಾರವಾಡ ಜಿಲ್ಲೆಯ ಶಾಸನಗಳ ಸೂಚಿಯನ್ನು ತಯಾರಿಸುವಂಥ ಬೇಸರದ ಕೆಲಸವನ್ನು ಅವರು ಕೀಳೆಂದು ಭಾವಿಸಲಿಲ್ಲ. ‘ಮಾರ್ಗ’ ಸಂಪುಟಗಳ ಚಿಕ್ಕ ಚಿಕ್ಕ ಲೇಖನಗಳಲ್ಲಿ ಒಂದು ಶಾಸನದ ಪದ, ಒಂದು ಹಸ್ತಪ್ರತಿಯ ಪುಷ್ಪಿಕೆ, ಒಂದು ಊರಿನ ಹೆಸರು ಸೇರಿ ತೀರ್ಮಾನವಾಗುವುದನ್ನು ಕಾಣಬಹುದು. ಅವರ ತೀರ್ಮಾನಗಳಲ್ಲಿ ಹಲವನ್ನು ಒಪ್ಪದವರು ಜೈನ ವಿದ್ವಾಂಸರಲ್ಲೂ ಇದ್ದಾರೆ, ವೀರಶೈವ ವಿದ್ವಾಂಸರಲ್ಲೂ ಇದ್ದಾರೆ. ಒಪ್ಪದವರೂ ಅವರ ಆಕರಗಳನ್ನು ಬಳಸದೆ ವಾದ ಮಾಡಲಾರರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲೇ ಅವರ ಹತ್ಯೆಯಾಯಿತು. ಆಕರವನ್ನು ಆಕರದಿಂದ ಎದುರಿಸುವುದು ವಿಶ್ವವಿದ್ಯಾಲಯ ಕಲಿಸುವ ಮೊದಲ ಶಿಸ್ತು. ಆ ಶಿಸ್ತಿಗೇ ಬಿದ್ದ ಗುಂಡು ಅದು.

ಪ್ರಸಾರಾಂಗದ ವಿಷಯವನ್ನು ಹೇಳದಿದ್ದರೆ ಈ ಚಿತ್ರ ಅಪೂರ್ಣ. ಕವಿ ಚೆನ್ನವೀರ ಕಣವಿಯವರು 1956ರಿಂದ 1983ರವರೆಗೆ ಅದರ ನಿರ್ದೇಶಕರಾಗಿದ್ದರು. ವಿಶ್ವವಿದ್ಯಾಲಯದ ವಿದ್ವಾಂಸರನ್ನು ತಾಲ್ಲೂಕು ಊರುಗಳಿಗೆ ಕಳುಹಿಸಿ ವ್ಯಾಖ್ಯಾನ ಮಾಡಿಸುವುದು, ಆ ವ್ಯಾಖ್ಯಾನವನ್ನೇ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಕಡಿಮೆ ಬೆಲೆಗೆ ಕೊಡುವುದು ಈ ವಿಭಾಗದ ಕ್ರಮ. ‘ಉಪನ್ಯಾಸ ಗ್ರಂಥಮಾಲೆ’ಯ ಆ ತೆಳ್ಳನೆಯ ಪುಸ್ತಕಗಳು ಶಾಲಾ ಶಿಕ್ಷಕರ ಟ್ರಂಕುಗಳಲ್ಲಿ, ಗ್ರಾಮ ವಾಚನಾಲಯಗಳ ಕಪಾಟುಗಳಲ್ಲಿ ಸೇರಿಕೊಂಡವು. ಗ್ರಹಣ, ಬೆಳೆರೋಗ, ಬಸವಣ್ಣ, ಬಾದಾಮಿಯ ಗುಹೆ ಇಂಥ ಯಾವ ವಿಷಯಕ್ಕೂ ಆ ಮಾಲೆಯ ಬಾಗಿಲು ಮುಚ್ಚಿರುವ ಅಗತ್ಯವಿರಲಿಲ್ಲ. ‘ಕರ್ನಾಟಕ ಭಾರತಿ’ ತ್ರೈಮಾಸಿಕ ವಿದ್ವತ್ತಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಿತ್ತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಓದುಗನೊಬ್ಬ ಅದರ ವಿದ್ಯೆಯಲ್ಲಿ ಪಾಲು ಪಡೆಯುವ ಈ ವ್ಯವಸ್ಥೆಗೆ, ಸಾವಿರ ಓಲೆಪ್ರತಿಗಳನ್ನು ಹಂಚಿದ ಲಕ್ಕುಂಡಿಯ ದಾನಚಿಂತಾಮಣಿಯ ನೆನಪು ತಾನಾಗಿಯೇ ಬರುತ್ತದೆ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಂಶೋಧನೆಯ ಈ ಎಲ್ಲ ಕೆಲಸ ನಡೆದುದು ಪರೀಕ್ಷೆಯ ಹಣದಿಂದ. ಸಂಯೋಜಿತ ಕಾಲೇಜುಗಳ ಶುಲ್ಕವೇ ವಿಶ್ವವಿದ್ಯಾಲಯದ ಸ್ವಂತ ಆದಾಯದ ದೊಡ್ಡ ಭಾಗ. ಕಾಲೇಜು ಹೆಚ್ಚಿದಷ್ಟೂ ಆದಾಯ ಹೆಚ್ಚು. ಜೊತೆಗೆ ಮೌಲ್ಯಮಾಪನ, ಮರುಮೌಲ್ಯಮಾಪನ, ಅಂಕಪಟ್ಟಿಗಳ ಹೊರೆಯೂ ಹೆಚ್ಚು. ಮುಂಬಯಿಯಿಂದ ತಂದ ಪರೀಕ್ಷಾಮಂಡಳಿಯ ಸ್ವಭಾವ ಗುಡ್ಡದ ಮೇಲಿನ ಕಟ್ಟಡದಲ್ಲಿ ಎಂದೂ ಪೂರ್ತಿ ಅಳಿಯಲಿಲ್ಲ. ಸ್ನಾತಕೋತ್ತರ ವಿಭಾಗದಲ್ಲಿ ಶಾಸನದ ಸೂಕ್ಷ್ಮಗಳು ಚರ್ಚೆಯಾಗುತ್ತಿದ್ದಾಗಲೂ ದೂರದ ಪದವಿ ಕಾಲೇಜಿನಲ್ಲಿ ಹಳಗನ್ನಡವೆಂದರೆ ಗೈಡಿನ ಸಾರಾಂಶವೇ ಆಗಿತ್ತು.

ಕಾಲಕ್ರಮದಲ್ಲಿ ವ್ಯಾಪ್ತಿಯೂ ಕರಗಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬೇರೆಯಾಯಿತು. 1986ರಲ್ಲಿ ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ವೈದ್ಯಕೀಯ ಕಾಲೇಜುಗಳು ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋದವು. ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಲಾದವು. ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕಳಚಿಕೊಂಡವು. ಈಚೆಗೆ ಜಿಲ್ಲೆಗೊಂದರಂತೆ ಹುಟ್ಟಿದ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಹಾವೇರಿಯೂ ಬಾಗಲಕೋಟೆಯೂ ಸೇರಿದವು. ಅಂಥ ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಚ್ಚುವ ಇಲ್ಲವೆ ವಿಲೀನಗೊಳಿಸುವ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆಯಿತು.

ಕಾಲೇಜುಗಳು ವಿದ್ಯಾರ್ಥಿಗಳಿಗೆ ಹತ್ತಿರವಾದುದು ತಪ್ಪಲ್ಲ. ಬೀದರದ ಹುಡುಗಿ ಒಂದು ಅಂಕಪಟ್ಟಿಗಾಗಿ ಧಾರವಾಡಕ್ಕೆ ಬರಬೇಕಾಗಿದ್ದ ಕಾಲವನ್ನು ಯಾರೂ ಮರಳಿ ಬಯಸರು. ಆದರೆ ಕಾಲೇಜುಗಳ ಜೊತೆ ಹೋದುದು ಅವು ಕಟ್ಟುತ್ತಿದ್ದ ಶುಲ್ಕ. ಉಳಿದುದು ಶುಲ್ಕದಿಂದ ನಡೆಯುತ್ತಿದ್ದ ಸಂಶೋಧನೆಯ ಹೊಣೆ. ನಿವೃತ್ತರ ಸ್ಥಾನಗಳು ವರ್ಷಗಟ್ಟಲೆ ತೆರವಾಗಿ ಉಳಿಯುವುದು ಇಂದು ರಾಜ್ಯದ ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳ ಸಮಾನ ಅನುಭವ. ಕನ್ನಡದ ಸಾಮಾನ್ಯ ಅಧ್ಯಾಪಕನ ಸ್ಥಾನವನ್ನು ಅತಿಥಿ ಉಪನ್ಯಾಸಕನಿಂದ ಹೇಗೋ ತುಂಬಬಹುದು. ಹಳಗನ್ನಡ, ಪ್ರಾಕೃತ, ಲಿಪಿಶಾಸ್ತ್ರ ಮೂರನ್ನೂ ಬಲ್ಲವನೊಬ್ಬ ನಿವೃತ್ತನಾದರೆ ಅವನ ಪಕ್ಕದಲ್ಲಿ ಹತ್ತು ವರ್ಷ ಕುಳಿತು ಕಲಿತ ಕಿರಿಯನೊಬ್ಬ ಇರಬೇಕು. ಆ ಕಿರಿಯನ ನೇಮಕ ನಡೆಯದಿದ್ದರೆ 1939ರ ಸ್ಥಿತಿಯೇ ಮರುಕಳಿಸುತ್ತದೆ. ಉಪಾಧ್ಯೆಯವರಂಥ ಒಬ್ಬರು ಎಲ್ಲೋ ಒಂದು ಊರಿನಲ್ಲಿ ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ.

ರನ್ನನ ಮುಧೋಳ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅತ್ತಿಮಬ್ಬೆಯ ಲಕ್ಕುಂಡಿ ಗದಗ ಜಿಲ್ಲೆಯಲ್ಲಿದೆ. ಕವಿಯ ಊರು ಧಾರವಾಡದ ಕೈಬಿಟ್ಟಿದೆ, ಆಶ್ರಯದಾತೆಯ ಊರು ಧಾರವಾಡದ ಜೊತೆಗೇ ಉಳಿದಿದೆ. ಮುಧೋಳದ ಕಾಲೇಜಿನ ವಿದ್ಯಾರ್ಥಿ ‘ಅಜಿತಪುರಾಣ’ವನ್ನು ತನ್ನ ವಿಶ್ವವಿದ್ಯಾಲಯದ ಪಠ್ಯದಲ್ಲಿ ಓದಬಹುದು. ಅದನ್ನು ಲಕ್ಕುಂಡಿಯ ಕಲ್ಲಿನೊಡನೆ ಹೋಲಿಸಿ ನೋಡಬೇಕೆನಿಸಿದರೆ ಅವನು ಬರಬೇಕಾದುದು ಛೋಟಾ ಮಹಾಬಳೇಶ್ವರದ ಗುಡ್ಡಕ್ಕೇ. ಶಾಸನ ಸಂಪುಟಗಳು, ಓಲೆಗರಿಗಳು, ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ಎಲ್ಲವೂ ಅಲ್ಲಿಯೇ ಇವೆ. ಜಿಲ್ಲೆಗಳನ್ನು ಹಂಚಿದವರು ಅವುಗಳನ್ನು ಹಂಚಲು ಹೋಗಲಿಲ್ಲ.